ಮಾತಿನ ಬಾಲ ಯಾರ ಕಡೆಗೆ

ಫಕೀರಪ್ಪಣ್ಣ ಬೋರ್ಡನ್ನು ಹಿಂದಿನಿಂದ ಮುಂದಕ್ಕೆ ಬರೆಯುತ್ತಿದ್ದರು. ‘ಅಂಗಡಿ’ ಎಂದು ಬರೆಯಬೇಕಾದರೆ ಮೊದಲು ‘ಡಿ’, ಆಮೇಲೆ ‘ಗ’, ಕೊನೆಗೆ ‘ಅಂ’. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಅವರು ಏಣಿ ಹತ್ತಿದರೆ ಸಾಕು, ಕೆಳಗೆ ನಿಂತ ಮಂದಿ ಇದು ಯಾವ ಅಂಗಡಿ ಇರಬಹುದು ಎಂದು ಪಂದ್ಯ ಕಟ್ಟುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ: “ಮೊದಲನೇ ಅಕ್ಷರ ಎಲ್ಲಾರೂ ದೊಡ್ಡದಾಗಿ ಬರೀತಾರ. ಜಾಗಾ ಸಾಲದಾಗೂದು ಕಡೀ ಅಕ್ಷರಕ್ಕ. ಅದಕ್ಕ ನಾ ಕಡೇದಕ್ಕ ಮೊದಲ ಕುರ್ಚಿ ಹಾಕತೀನಿ.”

ಕಡ್ಡಿಯಂಥ ಮೈ. ಒಂದು ಕಿವಿಯ ಹಿಂದೆ ಸಣ್ಣ ಕುಂಚ, ಇನ್ನೊಂದರ ಹಿಂದೆ ಬೀಡಿ. ಯೋಚನೆಯಲ್ಲಿ ಮುಳುಗಿದಾಗ ಕುಂಚವನ್ನು ಬಾಯಿಗಿಟ್ಟುಕೊಂಡು ಬೀಡಿಯನ್ನು ಬಣ್ಣದ ಡಬ್ಬಿಗೆ ಅದ್ದಿದ್ದನ್ನು ನಾನೇ ನೋಡಿದ್ದೇನೆ. ಊರಿನ ಬೀಜದ ಕಂಪನಿಗಳ ಗೋಡೆಗಳೆಲ್ಲ ಅವರ ಕೈಯವೇ. ಅವರ ಟೊಮೆಟೊ ಕುಂಬಳಕಾಯಿಯಷ್ಟು, ಅವರ ಬೆಂಡೆಕಾಯಿ ಒನಕೆಯಷ್ಟು. ಒಮ್ಮೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಅಂಗಡಿಯ ಬಾಗಿಲ ಮೇಲೆ ನುಣುಪಾದ, ನೆಟ್ಟಗಿನ ಮೆಣಸಿನಕಾಯಿ ಬರೆದುಬಂದರು. ಮರುದಿನವೇ ಕರೆ ಬಂತು. ಪ್ಯಾಟಿ ಮಂದಿಯೆಲ್ಲ ಬಾಗಿಲ ಮುಂದೆ ನಿಂತು ನಗುತ್ತಿದ್ದರಂತೆ. ಬ್ಯಾಡಗಿ ಕಾಯಿ ಎಂದರೆ ಮೈತುಂಬ ಸುಕ್ಕು, ಇದು ಬೇರೆ ಯಾವುದೋ ಊರಿನದು ಎಂದು. ಫಕೀರಪ್ಪಣ್ಣ ಮತ್ತೆ ಬಸ್ಸು ಹತ್ತಿ ಹೋಗಿ ಒಂದೊಂದೇ ಸುಕ್ಕು ತೀಡಿ ಬಂದರು. “ತಪ್ಪಾದ್ರ ತಿದ್ದಾಕ ಬರತೈತಿ ತಂಗಿ, ಬಣ್ಣ ಇನ್ನೂ ಹಸೀ ಇರಬೇಕಷ್ಟ” ಎಂದರು.

ಆಮೇಲೆ ಫ್ಲೆಕ್ಸ್ ಬಂತು. ಬೋರ್ಡು ಬರೆಸುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಅವರ ಏಣಿಯ ಮೇಲೆ ಕಮಲಕ್ಕ ಹೀರೇಕಾಯಿ ಬಳ್ಳಿ ಹಬ್ಬಿಸಿದರು.

ಕಮಲಕ್ಕ ಅವರ ಹೆಂಡತಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಮೇಲ್ಗಡೆ ಒಂದು ಗೇಣು ಸಂದಿ ಬಿಟ್ಟಿದ್ದರಿಂದ ಅವರ ಮನೆಯ ಮಾತು ನಮಗೆ, ನಮ್ಮದು ಅವರಿಗೆ ಕೇಳುತ್ತಿತ್ತು. ಅವರಿಗೆ ಗೌರಿ ಎಂಬ ಒಬ್ಬಳೇ ಮಗಳು. ಹದಿನಾಲ್ಕು ವರ್ಷಕ್ಕೆ ಸಾಲಿ ಬಿಟ್ಟು ಬೀಜದ ಹೊಲಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಕ್ರಾಸಿಂಗ್ ಎಂದರೆ ಗಂಡು ಹೂವಿನ ಧೂಳನ್ನು ಹೆಣ್ಣು ಹೂವಿಗೆ ಮುಟ್ಟಿಸಿ ಬೀಜ ಕಟ್ಟಿಸುವುದು. ಸಣ್ಣ ಬೆರಳು ಬೇಕಾಗುವ ಕೆಲಸವೆಂದು ಹುಡುಗಿಯರನ್ನೇ ಕರೆಯುತ್ತಿದ್ದರು. ಬೆಳಿಗ್ಗೆ ಟಂಟಂ ಎಂಬ ಮೂರು ಗಾಲಿಯ ಗಾಡಿ ಮನೆಮನೆಯ ಮುಂದೆ ನಿಂತು ತುಂಬಿಕೊಂಡು ಹೋಗುತ್ತಿತ್ತು. ಒಂದು ದಿನ ಆ ಗಾಡಿ ಕಾಲುವೆಯ ಏರಿಯಿಂದ ಉರುಳಿತು. ಉಳಿದವರಿಗೆ ಕೈಕಾಲು ಮುರಿದವು. ಗೌರಿ ಉಳಿಯಲಿಲ್ಲ.

ಅಂದು ಹೆಣ ಅಂಗಳಕ್ಕೆ ಬಂದಾಗ ಎಲ್ಲರ ಬಾಯಲ್ಲಿ ಒಂದೇ ಪ್ರಶ್ನೆ. ಜೊತೆಗಿದ್ದ ಹುಡುಗಿಯರು ಗೌರಿಗೆ ವಿಪರೀತ ಜ್ವರವಿತ್ತು, ಗಾಡಿಯ ಅಂಚಿನ ಕಂಬಿ ಹಿಡಿಯಲಿಕ್ಕೂ ಅವಳಿಗೆ ಆಗಲಿಲ್ಲ ಎಂದಿದ್ದರು. ಅಂಥ ಜ್ವರದಲ್ಲಿ ಅವಳನ್ನು ಕಳಿಸಿದವರು ಯಾರು? ಫಕೀರಪ್ಪಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಕಮಲಕ್ಕ ಎದೆ ಬಡಿದುಕೊಂಡು, “ನಾ ಕಳಸಬಾರದಿತ್ತು ನನ್ನವ್ವಾ, ನಾ ಕಳಸಬಾರದಿತ್ತು” ಎಂದು ಅತ್ತರು. ತಾಯಿ ಅಳುವಾಗ ಆಡುವ ಮಾತು ಅದು. ಮಂದಿ ಅದನ್ನು ಒಪ್ಪಿಗೆ ಎಂದು ತಿಳಿದರು. ಕುಪ್ಪೇಲೂರಿನಿಂದ ಬಂದಿದ್ದ ಕಮಲಕ್ಕನ ಅಣ್ಣ ಹನುಮಪ್ಪ, ಗೌರಿಯನ್ನು ಎತ್ತಿ ಆಡಿಸಿದ ಸೋದರಮಾವ, ತಂಗಿಯ ಮುಖ ನೋಡದೆ ಎದ್ದು ಹೋದ. ಹನ್ನೊಂದು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅದರ ಕೊನೆಗೆ ಕಮಲಕ್ಕ ತೀರಿಕೊಂಡಾಗ ಮಣ್ಣಿಗೂ ಬರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು, “ಜ್ವರದಾಗಿನ ಮಗಳನ್ನ ದುಡ್ಯಾಕ ಅಟ್ಟಿದಾಕಿ” ಎನ್ನುವುದನ್ನು ಕಮಲಕ್ಕ ಕೇಳಿಸಿಕೊಂಡೂ ಕೊಡ ತುಂಬಿಕೊಂಡು ಬರುತ್ತಿದ್ದರು.

ಕಮಲಕ್ಕ ಹೋದ ಮೇಲೆ ಫಕೀರಪ್ಪಣ್ಣ ದಪ್ಪ ಹಾಳೆಗಳನ್ನು ತಂದುಕೊಂಡು ಚಿತ್ರಕಥೆ ಬರೆಯಲು ಕೂತರು. ಮೊಮ್ಮಕ್ಕಳೇ, ನಿಮ್ಮಜ್ಜ ತೀರಿ ಆಗ ಬಹಳ ದಿನವಾಗಿರಲಿಲ್ಲ, ನಾನೂ ಹೊರಗೆ ಹೋಗುವುದನ್ನು ಬಿಟ್ಟಿದ್ದೆ. ಒಂದು ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು ಹಾಳೆಗಳನ್ನು ಹರವಿದರು.

“ತಂಗೀ, ನನ್ನ ಕೈಗೆ ಮೊಳದುದ್ದದ ಅಕ್ಷರ ಅಷ್ಟ ಬರತಾವ. ಇರುವಿಯಂಥಾವು ಬರಿ ಅಂದ್ರ ಬೆರಳು ಕೇಳವಲ್ಲವು. ನಿನ್ನ ಅಕ್ಷರ ಜ್ವಾಳದ ಕಾಳು ಜೋಡಿಸಿಟ್ಟಂಗ ಅದಾವು. ಈ ಗುಳ್ಳಿ ಒಳಗ ಮಾತು ತುಂಬು.”

ನಾನು ಓದಿದ್ದು ಹೊಸರಿತ್ತಿಯಲ್ಲಿ, ಏಳನೆಯ ಇಯತ್ತೆವರೆಗೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಈಗಲೂ ನನಗೆ ಆಗುವುದಿಲ್ಲ, ಆದರೆ ಬರೆ ಎಂದರೆ ಬರೆಯುತ್ತೇನೆ. ಅವರು ಚಿತ್ರದೊಳಗಿನ ಜನರ ತಲೆಯ ಮೇಲೆ ಗುಳ್ಳೆ ಬರೆಯುತ್ತಿದ್ದರು, ನಾನು ಅದರೊಳಗೆ ಅವರು ಹೇಳಿದ ಮಾತು ಬರೆಯುತ್ತಿದ್ದೆ. ಗುಳ್ಳೆಗೆ ಒಂದು ಬಾಲ ಇರುತ್ತದೆಯಲ್ಲ, ಅದು ಯಾರ ಬಾಯಿಯ ಕಡೆಗೆ ತಿರುಗಿದೆಯೋ ಮಾತು ಅವರದು. ಬಾಲವನ್ನು ಮಾತ್ರ ಅವರೇ ಹಚ್ಚುತ್ತಿದ್ದರು, ಅದೂ ಎಲ್ಲಕ್ಕಿಂತ ಕೊನೆಗೆ. “ಮೊದಲ ಮಾತು ಬರಿ. ಯಾರಂದ್ರು ಅನ್ನೂದು ಆಮ್ಯಾಲೆ ನೋಡೂಣು” ಎನ್ನುತ್ತಿದ್ದರು.

ಕತೆ ಗೌರಿಯದೇ ಎಂದು ಎರಡನೆಯ ಹಾಳೆಗೇ ನನಗೆ ತಿಳಿಯಿತು. ಹುಟ್ಟಿದ್ದು, ಅಪ್ಪನ ಬಣ್ಣದ ಡಬ್ಬಿಯಲ್ಲಿ ಕೈ ಅದ್ದಿ ಬೆಕ್ಕಿಗೆ ಪಟ್ಟೆ ಬಳಿದದ್ದು, ಸಾಲಿ, ಹೊಲ. ಕೊನೆಗೆ ಆ ಬೆಳಗಿನ ಹಾಳೆ ಬಂತು. ಹಾಸಿಗೆಯಲ್ಲಿ ಗೌರಿ, ಒಲೆಯ ಮುಂದೆ ಕಮಲಕ್ಕ, ಬಾಗಿಲಲ್ಲಿ ಫಕೀರಪ್ಪಣ್ಣ, ಹೊರಗೆ ಟಂಟಂ. ಅವರು ಹೇಳಿದರು, ನಾನು ಬರೆದೆ: “ಗಾಡಿ ಬಾಗಲದಾಗ ನಿಂತೈತಿ. ಬಂದವರಿಗೆ ಇಲ್ಲಂತ ಹ್ಯಾಂಗ ಹೇಳೂದು? ಇವತ್ತೊಂದ ದಿನ ಹೋಗವ್ವಾ.”

ಬರೆದು ಕಾಯುತ್ತಾ ಕೂತೆ. ಅವರು ಬಾಲವನ್ನು ಕಮಲಕ್ಕನ ಬಾಯಿಗೆ ಹಚ್ಚಿದರು.

ನಾನು ಪೆನ್ನು ಮುಚ್ಚಿ ಒಳಗೆ ಹೋದೆ. ಮೂರು ದಿನ ಕಟ್ಟೆಗೆ ಬರಲಿಲ್ಲ. ನಾಲ್ಕನೆಯ ದಿನ ಅವರೇ ಬಾಗಿಲಿಗೆ ಬಂದು ಆ ಹಾಳೆ ಹಿಡಿದರು. ಹಳೆಯ ಬಾಲವನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದರು. ಅಲ್ಲಿ ಹಾಳೆ ತೂತು ಬೀಳುವಷ್ಟು ತೆಳ್ಳಗಾಗಿತ್ತು. ಹೊಸ ಬಾಲ ಬಾಗಿಲಲ್ಲಿ ನಿಂತವನ ಬಾಯಿಗೆ ಹೋಗಿತ್ತು.

“ಅವತ್ತ ನೀ ಗ್ವಾಡಿ ಆಚೀಕಡೆ ಇದ್ದಿ. ಹೌದಿಲ್ಲೊ?”

“ಇದ್ದೆ, ಅಣ್ಣಾರ. ಭಾಂಡೆ ತಿಕ್ಕಾಕತ್ತಿದ್ದೆ.”

“ಕೇಳೀದಿ.”

“ಕೇಳೇನಿ. ಮಲಕೊಳ್ಳಲಿ ಬಿಡ್ರಿ ಅಂತ ಕಮಲಕ್ಕ ಅಂದದ್ದೂ ಕೇಳೇನಿ.”

“ಮತ್ತ ಇಷ್ಟ ವರ್ಷ ಯಾಕ ಸುಮ್ಮನಿದ್ದಿ?”

“ಭಿಡೆರಿ.”

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. “ನನಗೂ ಅದ ಆಗಿದ್ದು, ತಂಗಿ. ಗಾಡಿಯಂವ ಪರಿಚಯದಂವ. ಬಂದು ಹಾರ್ನ್ ಹೊಡೀತಾನ. ಮಾರಿ ನೋಡಿ ಹೋಗೂದಿಲ್ಲ ಅನ್ನಾಕ ಭಿಡೆ ಆತು, ಸಂಕೋಚ ಆತು. ಇಷ್ಟಕ್ಕ ಕಳಿಸಿದ್ನಿ. ಕಮಲಾ ಅವತ್ತ ಅಳಕೋತ ಒಮ್ಮೆ ನನ್ನ ಕಡೆ ನೋಡಿದ್ಲು. ನಾ ಹೇಳತೀನಿ ಅಂತ ನೋಡಿದ್ಲು. ನಾ ಟವೆಲ್ ತಗೀಲಿಲ್ಲ. ಆಮ್ಯಾಲೆ ಅಕೀ ಕೇಳಲಿಲ್ಲ, ನಾ ಹೇಳಲಿಲ್ಲ.”

ಅದೇ ದಿನಗಳಲ್ಲಿ ಊರಿನ ಒಬ್ಬ ಡ್ರಾಯಿಂಗ್ ಮಾಸ್ತರರು ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಸಮುದಾಯ ಭವನದಲ್ಲಿ ಒಂದು ದಿನದ ಕಾಮಿಕ್ ಮೇಳ ಇಟ್ಟಿದ್ದರು. ಹಳೆಯ ಚಿತ್ರಕಥೆ ಪುಸ್ತಕಗಳನ್ನು ತೋರಿಸುವುದು, ಅದಲು ಬದಲು ಮಾಡಿಕೊಳ್ಳುವುದು, ಊರಿನಲ್ಲಿ ಚಿತ್ರ ಬರೆಯುವವರು ತಮ್ಮದನ್ನು ಓದಿ ತೋರಿಸುವುದು. ಫಕೀರಪ್ಪಣ್ಣ ಹೆಸರು ಕೊಟ್ಟರು. ಕುಪ್ಪೇಲೂರಿಗೆ ಹನುಮಪ್ಪನಿಗೆ ಹೇಳಿ ಕಳಿಸಿದರು: ಗೌರಿಯ ಕತೆ ಬರೆದಿದ್ದೇನೆ, ಒಮ್ಮೆ ಬಂದು ಕೇಳು ಎಂದು. ಅವರಿಗೆ ಬೇಕಾಗಿದ್ದು ಅಷ್ಟೇ. ಕಮಲಕ್ಕ ಕಳಿಸಲಿಲ್ಲ ಎಂಬುದು ಆ ಅಣ್ಣನಿಗೂ ಓಣಿಗೂ ಗೊತ್ತಾಗಬೇಕು.

ಮೇಳದಲ್ಲಿ ಒಂದು ಎಡವಟ್ಟಾಯಿತು. ಮೈಕ್ ಕಟ್ಟಿಕೊಂಡು ಊರು ಸುತ್ತಿದ ಆಟೋದವನಿಗೆ ಕಾಮಿಕ್ ಎಂದರೆ ಏನೆಂದು ಗೊತ್ತಿರಲಿಲ್ಲ. ಅವನು ಎರಡು ದಿನ “ಕಾಮಿಡಿ ಮೇಳ, ಬರ್ರಿ, ನಕ್ಕು ಹಗುರಾಗ್ರಿ” ಎಂದು ಕೂಗಿಕೊಂಡು ತಿರುಗಿದ್ದ. ನಮ್ಮ ಕಡೆ ನಗಿಸುವ ಭಾಷಣಗಳೆಂದರೆ ಊಟ ಬಿಟ್ಟು ಬರುತ್ತಾರೆ. ನಾವು ಹೋದಾಗ ಭವನ ತುಂಬಿತ್ತು. ಗೋಡೆಯುದ್ದಕ್ಕೂ ಹಗ್ಗ ಕಟ್ಟಿ ಬಟ್ಟೆಯ ಕ್ಲಿಪ್ಪಿನಿಂದ ಚಿತ್ರದ ಹಾಳೆಗಳನ್ನು ತೂಗುಹಾಕಿದ್ದರು. ಒಂದು ಹುಡುಗಿ ಮುಖಕ್ಕೆ ನೀಲಿ ಬಳಿದುಕೊಂಡು, ಬೆನ್ನಿಗೆ ದುಪ್ಪಟಿ ಕಟ್ಟಿಕೊಂಡು ಹಾರುವವಳಂತೆ ಓಡಾಡುತ್ತಿದ್ದಳು. ಮುಂದಿನ ಸಾಲುಗಳಲ್ಲಿ ರುಮಾಲಿನ ಮುದುಕರು ನಗಲು ತಯಾರಾಗಿ ಕೂತಿದ್ದರು.

“ಇವರು ಬ್ಯಾರೇದಕ್ಕ ಬಂದಾರ್ರಿ. ನಿಮ್ಮದು ನಾಳೆ ಸಾಲ್ಯಾಗ ಇಟಗೊಳ್ಳೂಣೇನ್ರಿ?” ಎಂದು ಮಾಸ್ತರರು ಮೆಲ್ಲಗೆ ಕೇಳಿದರು.

ಫಕೀರಪ್ಪಣ್ಣ ಹಿಂದಿನ ಸಾಲಿನ ಕಡೆ ನೋಡಿದರು. ಕಂಬದ ಪಕ್ಕದಲ್ಲಿ ಹನುಮಪ್ಪ ಕೂತಿದ್ದ. “ನಾಳೆ ಆಗೂದಿಲ್ರಿ” ಎಂದರು.

ಹಾಳೆಗಳನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದರು, ಅವರು ಕೋಲು ಹಿಡಿದು ಓದುತ್ತಾ ಹೋದರು. ತಮ್ಮನ್ನು ತಾವು ಉದ್ದ ಮೂಗಿನವನಂತೆ ಬರೆದುಕೊಂಡಿದ್ದರು. ಮೂಗು ಕಂಡೊಡನೆ ಜನ ನಕ್ಕರು. ಪಟ್ಟೆಯ ಬೆಕ್ಕಿಗೆ ಇನ್ನೂ ನಕ್ಕರು. ಗೌರಿ “ಮೈ ಸುಡಾಕತ್ತೈತಿ” ಎಂದಾಗ ಮುಂದಿನ ಸಾಲಿನಿಂದ ಒಬ್ಬ, “ದುಡಿಯೂದ ತಪ್ಪಸಾಕ ಜ್ವರ ಬಂದಾವಲೇ” ಎಂದ. ಎಲ್ಲರೂ ಹೋ ಎಂದರು. ಅವರು ಆ ನಗೆ ಮುಗಿಯುವವರೆಗೂ ನಿಂತು ಮುಂದಿನ ಹಾಳೆ ಓದಿದರು. ಕಾಲುವೆ ಬರುವ ಹೊತ್ತಿಗೆ ಭವನದಲ್ಲಿ ಫ್ಯಾನಿನ ಸಪ್ಪಳ ಮಾತ್ರ ಇತ್ತು.

ಓದಿ ಮುಗಿಸಿ ಕೋಲು ಕೆಳಗಿಟ್ಟರು. “ಇದು ಕಟ್ಟಿದ ಕತಿ ಅಲ್ರಿ. ಹೋಗು ಅಂದಾಂವ ನಾನ. ನನ್ನ ಹೇಣ್ತಿ ಬ್ಯಾಡಂದಿದ್ಲು.”

ಆಮೇಲೆ ನಮ್ಮ ಓಣಿಯ ಕಿರಾಣಿ ಅಂಗಡಿಯವರು ಕಣ್ಣೊರೆಸಿಕೊಂಡು ಎದ್ದು ನಿಂತರು. “ಕೇಳ್ರಿಪಾ. ಓಣಿಗೆಲ್ಲಾ ಗೊತ್ತೈತಿ ಕಳಿಸಿದಾಕಿ ಯಾರು ಅಂತ. ಸತ್ತಾಕಿ ಮ್ಯಾಲಿನ ಅಪವಾದ ತನ್ನ ಮ್ಯಾಲೆ ಹಾಕ್ಕೊಂಡಾರ. ಗಂಡ ಅಂದ್ರ ಹಿಂಗಿರಬೇಕು.”

ಭವನವೆಲ್ಲ ಚಪ್ಪಾಳೆ ಹೊಡೆಯಿತು. ಮಾಸ್ತರರು ಶಾಲು ತಂದು ಹೊದಿಸಿದರು. ಫಕೀರಪ್ಪಣ್ಣ ಶಾಲನ್ನು ಕಿತ್ತು ತೆಗೆಯಲು ನೋಡುತ್ತಾ, “ಅಲ್ರಿ, ಖರೇನ ನಾ ಅಂದೇನ್ರಿ” ಎಂದರು. ಎಷ್ಟು ಹೇಳಿದರೂ ಜನಕ್ಕೆ ಅವರು ಅಷ್ಟಷ್ಟು ದೊಡ್ಡವರಾಗಿ ಕಂಡರು. ಹನುಮಪ್ಪ ಗುಂಪು ಸೀಳಿಕೊಂಡು ಬಂದು ಅವರ ಎರಡೂ ಕೈ ಹಿಡಿದುಕೊಂಡ. “ಫಕೀರಪ್ಪಾ, ಅಕೀ ಮಾಡಿದ್ದಕ್ಕ ನೀ ಯಾಕ ಇಷ್ಟ ದೊಡ್ಡ ಸುಳ್ಳು ಹೇಳಿದಿ? ನನ್ನ ತಂಗಿಗೆ ನೀ ಸಿಕ್ಕಿದ್ದು ಪುಣ್ಯಾ” ಎಂದು ಅತ್ತ.

ಆಗ ಅವರು ನನ್ನ ಕಡೆ ತಿರುಗಿದರು. “ನೀ ಹೇಳು ತಂಗಿ. ನೀ ಕೇಳೀದಿ.”

ಅಷ್ಟು ಮುಖಗಳು ನನ್ನ ಕಡೆ ತಿರುಗಿದವು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. “ಪಾಪ, ಅವರಿಗೂ ದುಃಖ ಆಗೈತಿ” ಎಂದು ಯಾರೋ ಕುರ್ಚಿ ಸರಿಸಿದರು. ನಾನು ಕೂತುಕೊಂಡೆ.

ಆ ದಿನದಿಂದ ಅವರು ಮನೆಯಿಂದ ಹೊರಗೆ ಬರುವುದನ್ನು ಬಿಟ್ಟರು. ಬಂದರೆ ಜನ ನಿಲ್ಲಿಸಿ ಕೈ ಮುಗಿಯುತ್ತಿದ್ದರು. ನಲ್ಲಿಯ ಹತ್ತಿರದ ಹೆಂಗಸರು, “ಇಂಥಾ ದೇವರಂಥಾ ಗಂಡಗ ಎಂಥಾ ಹೇಣ್ತಿ ಗಂಟಬಿದ್ದಿದ್ಲು ನೋಡು” ಎನ್ನುತ್ತಿದ್ದರು. ವರ್ಷಗಟ್ಟಲೆ ಬಣ್ಣದ ವಾಸನೆ ಕುಡಿದ ಎದೆ ಅದು, ದಮ್ಮು ಬಹಳ ಹೆಚ್ಚಾಯಿತು. ಡಾಕ್ಟರು ಹಾವೇರಿಯ ದೊಡ್ಡ ದವಾಖಾನೆಗೆ ಬರೆದುಕೊಟ್ಟರು. ಅವರು ಹೋಗಲಿಲ್ಲ. ಗಂಜಿ ಕೊಡಲು ಹೋದರೆ ಗೋಡೆಯ ಕಡೆ ಮುಖ ಮಾಡಿ, “ನಾ ಕಮಲಾನ ಇನ್ನಷ್ಟು ಕೆಟ್ಟಾಕೀನ ಮಾಡಿಟ್ನೆಲ್ಲ” ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಂದು ವಾರ ತಡೆದೆ. ಆಮೇಲೆ ಗೋಡೆಯಾಚೆಯಿಂದ ಅಂದು ಕೇಳಿದ್ದನ್ನು, ಗೌರಿ ಅಂದದ್ದು, ಕಮಲಕ್ಕ ಅಂದದ್ದು, ಅವರು ಅಂದದ್ದು, ಒಂದೊಂದೇ ಮಾತು ಹೆಸರು ಹಚ್ಚಿ ಹಾಳೆಯಲ್ಲಿ ಬರೆದೆ. ಕೆಳಗೆ ನನ್ನ ಹೆಸರು ಬರೆದೆ. ಕುಪ್ಪೇಲೂರಿನ ಬಸ್ಸು ಹತ್ತಿದೆ. ನಿಮ್ಮಜ್ಜ ಹೋದ ಮೇಲೆ ನಾನು ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಹನುಮಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಹಾಳೆ ಕೊಟ್ಟು ನಿಂತೆ. ಅವನು ಎರಡು ಸಲ ಓದಿದ.

“ನೀವು ಕೇಳೀರಿ?”

ತಲೆಯಾಡಿಸಿದೆ.

“ಕೇಳಿ, ಹನ್ನೊಂದು ವರ್ಷ ಅಕೀ ಜೋಡೀ ನೀರು ತಂದ್ರಿ?”

ಅದಕ್ಕೂ ತಲೆಯಾಡಿಸಿದೆ. ಅವನು ಕೂಡ್ರಿ ಎನ್ನಲಿಲ್ಲ. ನಾನು ಬಂದ ಬಸ್ಸಿನಲ್ಲೇ ತಿರುಗಿದೆ.

ಮರುದಿನ ಬೆಳಿಗ್ಗೆ ಅವನು ಬಂದ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತ. ನಾನು ಫಕೀರಪ್ಪಣ್ಣನ ಬೆನ್ನಿಗೆ ದಿಂಬು ಕೊಟ್ಟು ಕೂಡಿಸುತ್ತಿದ್ದೆ. “ನನ್ನ ತಂಗೀನ ತಿಂದಾಂವ ನೀ” ಎಂದ ಹನುಮಪ್ಪ. “ಅಕೀ ಮಣ್ಣಿಗೆ ನಾ ಬರದಂಗ ಮಾಡಿದಿ. ನಿನ್ನ ಮಣ್ಣಿಗೆ ನಾ ಬರೂದಿಲ್ಲ.”

“ಹೌದಪಾ, ಬರಬ್ಯಾಡ” ಎಂದರು ಫಕೀರಪ್ಪಣ್ಣ. ಅವರ ದನಿಯಲ್ಲಿ ನೋವಿರಲಿಲ್ಲ. ಅವನು ಹೋಗುವುದನ್ನೇ, ಓಣಿಯ ತಿರುವಿನವರೆಗೂ, ನೋಡುತ್ತಾ ಕೂತಿದ್ದರು.

ಅದಾಗಿ ನಾಲ್ಕನೆಯ ದಿನಕ್ಕೆ ತೀರಿಕೊಂಡರು. ಓಣಿಯವರೆಲ್ಲ ಬಂದು ಹಾರ ಹಾಕಿದರು, ಮೇಳದ ಶಾಲನ್ನೇ ಹೊದಿಸಿದರು. ನಾನು ಬರೆದುಕೊಟ್ಟದ್ದಾಗಲಿ ಹನುಮಪ್ಪ ಬಂದು ಅಂದದ್ದಾಗಲಿ ಅವರಿಗೆ ತಿಳಿಯದು. ಅವರಿಗೂ ಒಬ್ಬೊಬ್ಬರಿಗೆ ಹೇಳಬೇಕಾಗಿತ್ತು, ನನ್ನಿಂದ ಇನ್ನೂ ಆಗಿಲ್ಲ. ಹಾಳೆಗಳು ನನ್ನ ಟ್ರಂಕಿನಲ್ಲಿವೆ. ನಾನು ಹೋದ ಮೇಲೆ ನೀವಾದರೂ ಹೇಳಿರಿ.

ನನ್ನ ಜೊತೆ ಫಕೀರಪ್ಪಣ್ಣನ ಕೊನೆಯ ಮಾತು, ಹನುಮಪ್ಪ ತಿರುವು ದಾಟಿದ ಮೇಲೆ ಅಂದದ್ದು: “ಬಾಗಲಾ ಹಾಕು ತಂಗಿ. ಬರೂ ಮನಶ್ಯಾ ಬಂದು ಹ್ವಾದ.”