ಸಾರ್ಜೆಂಟ್ ಯೋಹಾನನ ಸಮಾಧಿ

ನವೆಂಬರಿನ ಒಂದು ಶನಿವಾರ ಎರ್ಲಾಂಗೆನ್‌ನಿಂದ ರೈಲು ಹಿಡಿದು, ಮುಂದೆ ಬಸ್ಸಿನಲ್ಲಿ ಆ ಹಳ್ಳಿ ತಲುಪಿದೆವು. ಮಂಜು ಇನ್ನೂ ಕರಗಿರಲಿಲ್ಲ. ಜೊತೆಗಿದ್ದವನು ನಮ್ಮ ಗದಗಿನ ಈರಣ್ಣ. ಜರ್ಮನಿ ಹೊರದೇಶದವರಿಗೆ ಕೊಡುವ ಗ್ರೀನ್ ಕಾರ್ಡಿನ ಮೇಲೆ ಬಂದಿರುವ ಕಂಪ್ಯೂಟರ್ ಇಂಜಿನಿಯರ್. ಅವನಿಗೆ ಜರ್ಮನ್ ಕಲಿಸಿದ ನಿವೃತ್ತ ಶಿಕ್ಷಕಿ ಹಿಲ್ಡೆ ನಮ್ಮನ್ನು ಕರೆದಿದ್ದರು. ಬರಿಗೈಯಲ್ಲಿ ಹೋಗಬಾರದೆಂದು ನಿಲ್ದಾಣದಲ್ಲಿ ನಾನು ಬಿಳಿ ಸೇವಂತಿಗೆಯ ಕುಂಡವೊಂದನ್ನು ಕೊಂಡಿದ್ದೆ.

ಬಾಗಿಲು ತೆರೆದ ಹಿಲ್ಡೆ ಅದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ಬಳಿಕ ನಕ್ಕರು. “ನಾನಿನ್ನೂ ಸತ್ತಿಲ್ಲವಲ್ಲ!”

ಇಲ್ಲಿ ಸೇವಂತಿಗೆ ಸಮಾಧಿಯ ಹೂವು.

“ಅಯ್ಯ ಅಕ್ಕಾರ, ಹೋಗಿ ಹೋಗಿ ಇದನ್ನ ತಂದ್ರಲ್ಲ!” ಎಂದ ಈರಣ್ಣ.

“ನೀ ಬಾಜೂಕ ನಿಂತಿದ್ದೆಲ್ಲೋ, ಶಾಣ್ಯಾ!”

“ಇರಲಿ, ಇದು ಸಲ್ಲಬೇಕಾದವನೊಬ್ಬನಿದ್ದಾನೆ,” ಎಂದು ಹಿಲ್ಡೆ ನಮ್ಮನ್ನು ಚರ್ಚಿನ ಹಿಂದಿನ ಸ್ಮಶಾನಕ್ಕೆ ಕರೆದೊಯ್ದರು.

ಮೊಣಕಾಲೆತ್ತರದ ಕಲ್ಲು, ಅವರ ಮುತ್ತಜ್ಜನ ತಮ್ಮ ಯೋಹಾನನದು. ನೇಕಾರನಾಗಿದ್ದ ಅವನನ್ನು ಹಸಿವು ಅಮೆರಿಕಕ್ಕೆ ಅಟ್ಟಿತು. ಅಲ್ಲಿ ಮನುಷ್ಯರನ್ನು ಮಾರುವ ಅನ್ಯಾಯದ ಸುತ್ತ ಅಂತರ್ಯುದ್ಧ ಹೊತ್ತಿದಾಗ, ಉತ್ತರದವರ ಸೈನ್ಯಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದ. ವಲಸೆ ಬಂದವರೆಲ್ಲ ಹೇಡಿಗಳೆಂದು ಜೊತೆಯವರೇ ಹಂಗಿಸುತ್ತಿದ್ದರು. ಬಾವುಟ ಹಿಡಿದವನು ಗುಂಡು ತಗುಲಿ ಬಿದ್ದಾಗ ಅದನ್ನೆತ್ತಿ ಮುನ್ನಡೆದವನು ಯೋಹಾನ. ಎಡಗೈ ಹೋಯಿತು, ಸಾರ್ಜೆಂಟ್ ಪದವಿಯೂ ಪದಕವೂ ಬಂದವು. ಮುಪ್ಪಿನಲ್ಲಿ ಈ ಊರಿಗೇ ಮರಳಿ ಇಲ್ಲಿ ಮಣ್ಣಾದ.

“ಅವನ ಹೆಸರನ್ನು ಸೈನ್ಯದವರು ಸರಿಯಾಗಿ ಕರೆದದ್ದು ಪದಕ ಕೊಟ್ಟ ದಿನ ಮಾತ್ರ,” ಎಂದರು ಹಿಲ್ಡೆ.

ಕಲ್ಲಿನ ಮೇಲೊಂದು ಹಳದಿ ಚೀಟಿ ಅಂಟಿತ್ತು. ಈ ದೇಶದಲ್ಲಿ ಸಮಾಧಿಯ ನೆಲವೂ ಗೇಣಿಗೆ. ಅವಧಿ ಮುಗಿದು ಹೊಣೆ ಹೊರುವವರಿಲ್ಲದಿದ್ದರೆ ಕಲ್ಲು ಕಿತ್ತು ನೆಲ ಸಮ ಮಾಡುತ್ತಾರೆ. ಇಷ್ಟು ವರ್ಷ ಅದನ್ನು ಹೊತ್ತ ಹಿಲ್ಡೆ ಮುಂದಿನ ತಿಂಗಳು ವೃದ್ಧಾಶ್ರಮದ ಒಂದೇ ಕೋಣೆಗೆ ಹೋಗುವವರಿದ್ದರು.

“ನಾ ಹೊರ್ತೀನಿ,” ಎಂದ ಈರಣ್ಣ, ಅದನ್ನೇ ಜರ್ಮನಿನಲ್ಲಿ, ಅಲ್ಲೇ ಎಲೆ ಗುಡಿಸುತ್ತಿದ್ದ ಸ್ಮಶಾನದ ಮೇಲ್ವಿಚಾರಕರಿಗೂ ಹೇಳಿದ.

ಅವರು ಸೌಜನ್ಯದಿಂದಲೇ ಕೇಳಿದರು: “ಒಪ್ಪಂದ ಹತ್ತು ವರ್ಷದ್ದು. ಇಲ್ಲಿ ವಾಸಿಸಲು ನಿಮಗಿರುವ ಪರವಾನಗಿ?”

“ಐದು.”

ಯೌವನದ ದುಡಿಮೆಯನ್ನು ಕೇಳಿ ಕರೆಸಿಕೊಂಡು, ಇರುವಿಕೆಗೆ ಮಾತ್ರ ಗಡುವು ಹಾಕುವುದು ಅನ್ಯಾಯ. ಅದನ್ನು ಅಲ್ಲಿಯೇ ಹೇಳಿದೆ. ಮೇಲ್ವಿಚಾರಕರು ತಲೆತಗ್ಗಿಸಿದರು, ನಿಯಮ ತಗ್ಗಲಿಲ್ಲ.

ಈರಣ್ಣ ಕೂತು ಕಲ್ಲನ್ನು ಗೇಣಿನಿಂದ ಅಳೆದ. “ಅಕ್ಕಾರ, ನನ್ನ ಬಾಲ್ಕನ್ಯಾಗ ಹಿಡಿಸ್ತದ. ಮನೀ ಮಾಲಕರನ್ನ ಕೇಳಬೇಕಷ್ಟ.”

“ಐದು ವರ್ಷ ಆದಮ್ಯಾಲೆ?”

“ಆವಾಗ ನಾನೂ ಇವನೂ ಇಬ್ರೂ ಹೊಂಡತೀವಿ.”

ಅವನು ಅದನ್ನು ಜರ್ಮನಿನಲ್ಲಿ ವಿವರಿಸಿದಾಗ ಹಿಲ್ಡೆ ಸೇವಂತಿಗೆಯ ಕುಂಡವನ್ನು ಕಲ್ಲಿನ ಮುಂದಿಟ್ಟರು. ಆಗಲಿ ಎಂದು ತಲೆಯಾಡಿಸಿದರು. ಮುಂದಿನ ಶನಿವಾರ ಗೆಳೆಯನ ಕಾರು ತರುವುದೆಂದಾಯಿತು.

ಸಂಜೆ ಬಸ್ಸು ಚರ್ಚಿನ ಪಕ್ಕ ತಿರುಗಿದಾಗ ಹಿಂತಿರುಗಿ ನೋಡಿದೆ. ಹಿಲ್ಡೆ ಕಲ್ಲಿನತ್ತ ಬಾಗಿ ಏನೋ ಹೇಳುತ್ತಿದ್ದರು, ಇನ್ನೊಮ್ಮೆ ಊರು ಬಿಡಬೇಕಾದವನಿಗೆ.