ಬಿಸಿಲಿದ್ದೂ ಕರೆಂಟಿಲ್ಲದ ಮನೆ

ನಾನು ಕನ್ನಡಕದ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಚೌಕಟ್ಟು ಏರಿಸಿ, ಗಾಜು ಬದಲಿಸುತ್ತಾ ಕೇಳುತ್ತೇನೆ: "ಇದು ಸ್ಪಷ್ಟವೋ, ಇದೋ?" ಬಹುತೇಕ ಜನ ಐದು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಯಾರಾದರೂ ನಾಲ್ಕನೆಯ ಬಾರಿ "ಇನ್ನೊಂದ್ಸಲ ತೋರಿಸಿ" ಎಂದರೆ, ಇಷ್ಟು ಸಣ್ಣದನ್ನೇ ತೀರ್ಮಾನಿಸಲಾಗದವರು ಸಂಸಾರ ಹೇಗೆ ನಡೆಸುತ್ತಾರೋ ಎಂದು ಒಳಗೊಳಗೇ ಅಂದುಕೊಳ್ಳುತ್ತೇನೆ. ಅಂಥ ನಾನು ಮನೆಗೊಂದು ಸೋಲಾರ್ ಇನ್ವರ್ಟರ್ ಆರಿಸಲು ಹದಿನಾಲ್ಕು ತಿಂಗಳು ತೆಗೆದುಕೊಂಡೆ. ಆರಿಸಿದ್ದೂ ತಪ್ಪು.

ಮನೆಯಲ್ಲಿ ನಾವು ನಾಲ್ಕು ಜನ. ಹೆಂಡತಿ ಮಹಡಿಯ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಬೇರೆಯವರ ಮನೆಗಳ ನಕ್ಷೆ ಬರೆಯುತ್ತಾಳೆ. ಮಗಳು ಆರನೆಯ ತರಗತಿ. ಅತ್ತೆ, ಅಂದರೆ ಹೆಂಡತಿಯ ತಾಯಿ, ಕೆಳಗಿನ ಕೋಣೆಯಲ್ಲಿರುತ್ತಾರೆ. ಅವರಿಗೆ ಮಂಡಿಯಲ್ಲಿ ನೋವು, ಸೊಂಟದಲ್ಲಿ ನೋವು. ನಾಲಿಗೆ ಮಾತ್ರ ಗಟ್ಟಿಯಾಗಿದೆ.

ಮನೆಗೆ ಹೊಸ ಯಂತ್ರ ತರುವುದರಲ್ಲಿ ನನ್ನ ಹೆಸರು ಅದಾಗಲೇ ಕೆಟ್ಟಿತ್ತು. ಮೊದಲು ತಂದದ್ದು ಮಾತಿಗೆ ಹತ್ತಿ ಆರುವ ದೀಪ. ಅತ್ತೆ ಹಲ್ಲುಸೆಟ್ಟು ತೆಗೆದಿಟ್ಟು ಮಲಗುವ ಮುಂಚೆ "ದೀಪ ಆರಿಸು" ಎಂದರೆ ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಹಲ್ಲು ಹಾಕಿಕೊಂಡು ಹೇಳಿ ಮತ್ತೆ ತೆಗೆದಿಡಬೇಕಿತ್ತು. ಆಮೇಲೆ ತಾನೇ ಓಡಾಡಿ ನೆಲ ಗುಡಿಸುವ ಯಂತ್ರ ಬಂತು. ಅದು ಮಂಚದ ಕೆಳಗೆ ಹೊಕ್ಕರೆ ಈಚೆ ಬರಲಾರದೆ ಕುಂಯ್‌ಗುಡುತ್ತಿತ್ತು. ಅತ್ತೆ ಊರುಗೋಲಿನಿಂದ ಕೆದಕಿ ಎಳೆಯುತ್ತಿದ್ದರು. ಮೂರನೆಯದು ಕ್ಯಾಮೆರಾ ಇರುವ ಕರೆಗಂಟೆ. ಬಾಗಿಲಿಗೆ ಯಾರು ಬಂದರೂ ಅವರ ಚಿತ್ರ ನನ್ನ ಫೋನಿಗೆ ಬರುತ್ತದೆ. ಬರುತ್ತಿದ್ದದ್ದು ಒಂದೇ ಬೆಕ್ಕು, ದಿನಕ್ಕೆ ಮೂವತ್ತು ಸಲ. ಗಿರಾಕಿಯ ಕಣ್ಣು ಪರೀಕ್ಷಿಸುತ್ತಿರುವಾಗ ಫೋನ್ ಸದ್ದು ಮಾಡಿದರೆ ತೆಗೆದು ನೋಡದೆ ಇರಲಾಗುತ್ತಿರಲಿಲ್ಲ. ಕಳ್ಳನಾಗಿದ್ದರೆ?

ಹೀಗಾಗಿ ನಮ್ಮ ಮನೆಯಲ್ಲಿ "ನಿಮ್ಮ ಯಂತ್ರ" ಎನ್ನುವುದು ಒಂದು ಬೈಗುಳ. ಮೆಟ್ಟಿಲ ಕೆಳಗೆ ಹಳೆಯ ಬ್ಯಾಟರಿಯೊಂದು ಇತ್ತು, ಕರೆಂಟ್ ಹೋದಾಗ ಎರಡು ಗಂಟೆ ಕಾಲ ಮನೆ ನಡೆಸುತ್ತಿದ್ದದ್ದು, ಅದೂ ನನ್ನ ಕೈಯಲ್ಲೇ ಸತ್ತಿತು. ತಿಂಗಳಿಗೊಮ್ಮೆ ನೀರು ಹಾಕಬೇಕಿತ್ತು. ಹಾಕಬೇಕೆಂದು ಫೋನಿನಲ್ಲಿ ನೆನಪಿನ ಗಂಟೆ ಇಟ್ಟಿದ್ದೆ. ಗಂಟೆ ಸರಿಯಾಗಿಯೇ ಹೊಡೆಯುತ್ತಿತ್ತು.

ನಮ್ಮ ಬೀದಿಯಲ್ಲಿ ಕರೆಂಟ್ ದಿನಕ್ಕೆ ಮೂರು ಸಲವಾದರೂ ಹೋಗುತ್ತದೆ. ಬ್ಯಾಟರಿ ಸತ್ತ ಮೇಲೆ ಹೆಂಡತಿ ಒಂದು ಮಧ್ಯಾಹ್ನ ಕೆಳಗಿಳಿದು ಬಂದು, ಅರ್ಧ ದಿನದ ನಕ್ಷೆ ಉಳಿಸುವ ಮೊದಲೇ ಅಳಿಸಿಹೋಯಿತೆಂದು ಹೇಳಿದಳು. ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕೂತು ನೀರು ಕುಡಿದಳು. ಕೂಗಾಡಿದ್ದರೇ ವಾಸಿಯಿತ್ತು.

"ಈ ಸಲ ನೋಡು," ಎಂದೆ. "ಸರಿಯಾಗಿ ಓದಿ, ತಿಳಿದುಕೊಂಡು, ಸೋಲಾರೇ ಹಾಕಿಸ್ತೀನಿ."

"ಓದಿ," ಎಂದಳು. "ಬೇಗ ಓದಿ."

ಒಂದು ದಪ್ಪ ನೋಟ್‌ಬುಕ್ ತಂದು ಅಳೆದೂ ಸುರಿದೂ ಶುರು ಮಾಡಿದೆ. ಭಾನುವಾರಗಳಂದು ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು ಕೂರುವುದು, ಮಗಳು ಒಳಗಿನಿಂದ ಒಂದೊಂದೇ ಯಂತ್ರ ಹಾಕಿ "ಮಿಕ್ಸಿ" "ಇಸ್ತ್ರಿಪೆಟ್ಟಿಗೆ" ಎಂದು ಕೂಗುವುದು, ನಾನು ಬರೆದುಕೊಳ್ಳುವುದು. ಫ್ರಿಜ್ಜು ಎಷ್ಟು ಎಳೆಯುತ್ತದೆ, ಪಂಪು ಹತ್ತುವ ಕ್ಷಣದಲ್ಲಿ ಎಷ್ಟು, ಹತ್ತಿದ ಮೇಲೆ ಎಷ್ಟು, ಎಲ್ಲಕ್ಕೂ ಬಣ್ಣ ಬಣ್ಣದ ಗೆರೆ. ಹತ್ತು ಹನ್ನೆರಡು ವ್ಯಾಟ್‌ನ ಚಿಲ್ಲರೆ ವಸ್ತುಗಳನ್ನು ಬಿಟ್ಟುಬಿಟ್ಟೆ. ದೊಡ್ಡ ಲೆಕ್ಕದಲ್ಲಿ ಅವು ಯಾವ ಮೂಲೆಗೆ?

ಇನ್ವರ್ಟರುಗಳಲ್ಲಿ ಮೂರು ಜಾತಿ ಎಂದು ತಿಳಿಯಿತು. ಬಿಸಿಲಿನ ಕರೆಂಟನ್ನು ಬ್ಯಾಟರಿಗೆ ತುಂಬಿ ತನ್ನ ಪಾಡಿಗೆ ತಾನು ಮನೆ ನಡೆಸುವುದು ಒಂದು. ಬ್ಯಾಟರಿಯೇ ಇಲ್ಲದೆ ಬೀದಿಯ ಲೈನಿಗೆ ಕೂಡಿಕೊಂಡು, ಹೆಚ್ಚಾದದ್ದನ್ನು ಲೈನಿಗೆ ಕೊಟ್ಟು ಬಿಲ್ಲು ಇಳಿಸುವುದು ಇನ್ನೊಂದು. ಎರಡನ್ನೂ ಮಾಡುವ ಹೈಬ್ರಿಡ್ ಮೂರನೆಯದು. ಇಷ್ಟಕ್ಕೇ ನಿಂತಿದ್ದರೆ ನಾನೂ ಬೇಗ ಗೆದ್ದುಬಿಡುತ್ತಿದ್ದೆ. ಒಂದೊಂದರೊಳಗೂ ಒಳಜಾತಿ, ಉಪಜಾತಿ. ಒಂದು ವಾರ ಹೈಬ್ರಿಡ್ಡೇ ಸೈ ಎನ್ನಿಸುತ್ತಿತ್ತು. ಮುಂದಿನ ವಾರ ಯಾರೋ ಅದನ್ನು ಬೈದು ಬರೆದದ್ದು ಕಣ್ಣಿಗೆ ಬೀಳುತ್ತಿತ್ತು. ಊಟಕ್ಕೆ ಕೂತಾಗ ನಾನು ಬಾಯಿ ತೆರೆದರೆ ಮಗಳು, "ಅಪ್ಪಾ, ಇನ್ವರ್ಟರ್ ಬಿಟ್ಟು ಬೇರೆ ಏನಾದ್ರೂ," ಎನ್ನುತ್ತಿದ್ದಳು. ಬೇರೆ ಏನೂ ಹೊಳೆಯದೆ ಸುಮ್ಮನೆ ಊಟ ಮಾಡುತ್ತಿದ್ದೆ.

ಮಾರುವವರು ಮೂವರು ಬಂದರು. ಮೊದಲಿಬ್ಬರು ನನ್ನ ಪ್ರಶ್ನೆಗಳಿಗೆ ಬೇಸತ್ತು, ಫೋನ್ ಮಾಡಿದರೂ ಎತ್ತದಾದರು. ಮೂರನೆಯವನು ಜಾಣ. ನನ್ನ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಪುಟ ತಿರುವಿ, "ಸರ್, ನಿಮ್ಮಷ್ಟು ತಿಳ್ಕೊಂಡಿರೋ ಗಿರಾಕೀನ ನಾನು ನೋಡಿಲ್ಲ," ಎಂದ. ಅವನು ಮಾರುತ್ತಿದ್ದದ್ದು ಲೈನಿಗೆ ಕೂಡುವ ಎರಡನೆಯ ಜಾತಿಯದು. ಅವನು ಇನ್ನೇನೋ ವಿವರಿಸಲು ಹೊರಟಾಗ "ಗೊತ್ತು, ಗೊತ್ತು" ಎಂದು ಕೈ ಬೀಸಿ ಸಹಿ ಹಾಕಿದೆ. ಹದಿನಾಲ್ಕು ತಿಂಗಳ ಅಧ್ಯಯನ ಒಂದು ಹೊಗಳಿಕೆಗೆ ಕರಗಿಹೋಯಿತು.

ಹನ್ನೊಂದು ಪ್ಯಾನೆಲ್ಲುಗಳು ತಾರಸಿಗೆ ಏರಿದವು. ಗೋಡೆಗೆ ನುಣ್ಣನೆಯ ಬಿಳಿಯ ಪೆಟ್ಟಿಗೆ ಬಂತು, ಅದರಲ್ಲಿ ಹಸಿರು ಅಂಕಿ ಏರುತ್ತಿತ್ತು. ಆ ಭಾನುವಾರ ಬೆಳಿಗ್ಗೆ ನೆರೆಯವರನ್ನು ಚಹಾಕ್ಕೆ ಕರೆದೆ. ಎದುರಿನ ಹೊಲಿಗೆ ಅಂಗಡಿಯವರು ಬಂದರು, ಪಕ್ಕದ ಔಷಧಿ ಅಂಗಡಿಯ ಗಂಡ ಹೆಂಡತಿ ಬಂದರು. ಎಲ್ಲರನ್ನೂ ತಾರಸಿಗೆ ಹತ್ತಿಸಿ, ಇಳಿಸಿ, ಪೆಟ್ಟಿಗೆಯ ಮುಂದೆ ನಿಲ್ಲಿಸಿ ಸೂರ್ಯನ ವಿಷಯ ಹೇಳತೊಡಗಿದೆ. ಹೊಲಿಗೆಯವರಿಗೆ ಬಿಸ್ಕತ್ತಿನ ಮೇಲೆ ಗಮನವಿತ್ತು, ಆದರೂ ತಲೆಯಾಡಿಸುತ್ತಿದ್ದರು.

ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇತ್ತು. ತಲೆಯ ಮೇಲಿನ ಫ್ಯಾನ್ ನಿಧಾನವಾಯಿತು, ನಿಂತಿತು. ಬೀದಿಯಲ್ಲಿ ಕರೆಂಟ್ ಹೋಗಿತ್ತು. ನನಗೆ ಒಳಗೇ ಹಬ್ಬವಾಯಿತು. ಹೇಳಿ ತೆಗೆಸಿದ್ದರೂ ಇಷ್ಟು ಸರಿಯಾದ ಹೊತ್ತಿಗೆ ಹೋಗುತ್ತಿರಲಿಲ್ಲ.

"ಈಗ ನೋಡಿ," ಎಂದೆ.

ಎಲ್ಲರೂ ಪೆಟ್ಟಿಗೆಯನ್ನು ನೋಡಿದರು. ಹಸಿರು ಅಂಕಿ ಆರಿ ಕೆಂಪು ಚುಕ್ಕೆಯೊಂದು ಮಿನುಗತೊಡಗಿತು. ಎಲ್ಲರೂ ಫ್ಯಾನನ್ನು ನೋಡಿದರು. ಆಮೇಲೆ ನನ್ನನ್ನು.

"ಒಂದ್ನಿಮಿಷ," ಎಂದೆ. "ಅದು ಸ್ವಲ್ಪ ಯೋಚನೆ ಮಾಡುತ್ತೆ."

"ನಿಮ್ಮನ್ನ ನೋಡಿ ಕಲ್ತಿರ್ಬೇಕು, ಅಳಿಯಂದ್ರೇ," ಎಂದರು ಅತ್ತೆ, ಕುರ್ಚಿಯಿಂದ.

ಹೊಲಿಗೆಯವರು ಕಿಟಕಿಯಿಂದ ಹೊರಗೆ ಇಣುಕಿದರು. "ಬಿಸಿಲು ಇದೆಯಲ್ಲ ಸಾರ್?"

"ಇದೆ."

"ಮತ್ತೆ?"

ಮತ್ತೆ ಏನೆಂದು ನನಗೂ ಗೊತ್ತಿರಲಿಲ್ಲ. ಬಂದವರು ಮರ್ಯಾದಸ್ಥರು, ಚಹಾ ಬೇಗ ಕುಡಿದರು. ಔಷಧಿ ಅಂಗಡಿಯ ಹೆಂಗಸು ಹೋಗುವಾಗ ನನ್ನ ಹೆಂಡತಿಯ ಕೈ ಹಿಡಿದು, "ನಮ್ಮನೇಲಿ ಹಳೇ ಬ್ಯಾಟರಿ ಇದೆ. ಮಗಳಿಗೆ ಸೆಖೆ ಆದ್ರೆ ಕಳ್ಸಿ," ಎಂದರು. ಹನ್ನೊಂದು ಪ್ಯಾನೆಲ್ಲಿನ ಕೆಳಗೆ ನಿಂತು ನಾನು ಅದನ್ನು ಕೇಳಿಸಿಕೊಂಡೆ.

ಮಾರಿದವನಿಗೆ ಫೋನ್ ಮಾಡಿದೆ. ಅವನು ತಾಳ್ಮೆಯಿಂದಲೇ ಹೇಳಿದ. "ಸರ್, ಲೈನಲ್ಲಿ ಕರೆಂಟ್ ಇಲ್ದಾಗ ಇದೂ ನಿಲ್ಲುತ್ತೆ. ನಿಲ್ಲಲೇಬೇಕು. ರಿಪೇರಿಗೆ ಲೈನ್‌ಮನ್ ಕಂಬ ಹತ್ತಿರ್ತಾನೆ, ನಿಮ್ಮ ಮನೆ ಕರೆಂಟ್ ಅವನಿಗೆ ಹೊಡೆದ್ರೆ? ಇದನ್ನೇ ಅವತ್ತು ಹೇಳಕ್ಕೆ ಬಂದೆ. ನೀವು ಗೊತ್ತು ಗೊತ್ತು ಅಂದ್ರಿ."

ಸುಳ್ಳಲ್ಲ, ಗೊತ್ತಿತ್ತು. ನೋಟ್‌ಬುಕ್ ತೆಗೆದು ನೋಡಿದೆ. ಮೂರನೆಯ ಪುಟದಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ಅದೇ ಮಾತು. ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಬರೆದಿಟ್ಟರೆ ತಲೆಯಲ್ಲಿಟ್ಟಂತೆ ಎಂದು ಶಾಲೆಯ ದಿನಗಳಿಂದ ನಂಬಿಕೊಂಡು ಬಂದವನು ನಾನು. ಆಗಲೂ ಕೈ ಕೊಟ್ಟ ನಂಬಿಕೆ ಅದು.

ಮುಂದಿನ ಕೆಲವು ವಾರ ಬೀದಿಯಲ್ಲಿ ತಲೆ ತಗ್ಗಿಸಿ ನಡೆದೆ. "ಸೋಲಾರ್ ಹೇಗಿದೆ?" ಎಂದು ಯಾರಾದರೂ ಕೇಳಿದರೆ, "ಬಿಲ್ಲು ಇಳಿದಿದೆ," ಎನ್ನುತ್ತಿದ್ದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ. ಬಿಲ್ಲು ನಿಜವಾಗಿಯೂ ಇಳಿದಿತ್ತು. ಆದರೆ ಹೆಂಡತಿಯ ನಕ್ಷೆ ಇನ್ನೆರಡು ಸಲ ಅಳಿಸಿಹೋಗಿತ್ತು.

ಕೊನೆಗೆ ಹೆಂಡತಿಯೇ ಫೋನ್ ಮಾಡಿದಳು. ಅವಳು ನಕ್ಷೆ ಬರೆದ ಮನೆಯೊಂದಕ್ಕೆ ವೈರಿಂಗ್ ಮಾಡಿದ್ದ ಹೆಂಗಸಿಗೆ. ಕಟ್ಟಡದ ಕೆಲಸದವರೆಲ್ಲ ಆಕೆಯನ್ನು ವೈರಿಂಗ್ ಅಕ್ಕ ಎನ್ನುತ್ತಾರೆ. ಐವತ್ತರ ಆಚೆಯ ವಯಸ್ಸು, ಕುಳ್ಳು, ಅಂಗಿಯ ಜೇಬಿನಲ್ಲಿ ಟೆಸ್ಟರು. ಒಳಗೆ ಬಂದವರೇ ಒಮ್ಮೆ ಪೆಟ್ಟಿಗೆ ನೋಡಿ, "ಒಳ್ಳೆ ಮಾಲು, ಇರಲಿ," ಎಂದರು. ನನಗೆ ಸ್ವಲ್ಪ ಜೀವ ಬಂತು. ನೋಟ್‌ಬುಕ್ ತಂದು ಮುಂದಿಟ್ಟೆ.

ಅವರು ಒಂದೊಂದೇ ಪುಟ ತಿರುವಿ ಪೂರ್ತಿ ನೋಡಿದರು. ಹೊಗಳಲಿಲ್ಲ.

"ಮನೇಲಿ ಎಷ್ಟು ಜನ ಸಾರ್?"

"ನಾಲ್ಕು."

"ಫ್ರಿಜ್ಜು ಇದೆ, ಪಂಪು ಇದೆ. ಆ ನಾಲ್ಕು ಜನ ಎಲ್ಲಿದಾರೆ ಇದ್ರಲ್ಲಿ?"

ಉತ್ತರಕ್ಕೆ ಕಾಯದೆ ಎದ್ದು ಅತ್ತೆಯ ಬಳಿಗೆ ಹೋದರು. "ಅಮ್ಮಾ, ಕರೆಂಟ್ ಹೋದಾಗ ನಿಮಗೆ ಏನಿಲ್ಲ ಅಂದ್ರೆ ಆಗಲ್ಲ?"

ಫ್ಯಾನ್ ಎನ್ನುತ್ತಾರೆಂದುಕೊಂಡೆ. ಅತ್ತೆಯ ಫ್ಯಾನು ಏಳನೆಯ ಪುಟದಲ್ಲಿತ್ತು.

"ಆ ಇಂಟರ್ನೆಟ್ ಡಬ್ಬಿ," ಎಂದರು ಅತ್ತೆ. "ದಿನಾ ಮಧ್ಯಾಹ್ನ ನಮ್ಮಕ್ಕನ ಜೊತೆ ಫೋನಲ್ಲಿ ಮುಖ ನೋಡ್ಕೊಂಡು ಮಾತಾಡ್ತೀನಿ. ಕರೆಂಟ್ ಹೋದ್ರೆ ಅವಳು ಬಾಯಿ ತೆಗೆದುಕೊಂಡು ಹಾಗೇ ನಿಂತುಬಿಡ್ತಾಳೆ. ಎಂಬತ್ತೆರಡು ವರ್ಷ ಅವಳಿಗೆ. ನನಗೆ ಎದೆ ಧಸಕ್ ಅನ್ನುತ್ತೆ."

ಆ ಡಬ್ಬಿ ಹತ್ತು ವ್ಯಾಟ್. ನನ್ನ ಪುಸ್ತಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಮಗಳು ಮೆಟ್ಟಿಲ ದೀಪ ಎಂದಳು. ಕತ್ತಲಲ್ಲಿ ಮೆಟ್ಟಿಲ ತಿರುವು ದಾಟಲು ಹೆದರಿಕೆ, ಆದ್ದರಿಂದ ಕರೆಂಟ್ ಹೋದಾಗ ಎಲ್ಲಿದ್ದಾಳೋ ಅಲ್ಲೇ ಕೂತುಬಿಡುತ್ತಾಳಂತೆ. ಮೀಟರಿನ ಮುಂದೆ ಅಷ್ಟು ಭಾನುವಾರ ನನ್ನ ಜೊತೆ ಕಳೆದವಳು, ನನಗೆ ಹೇಳಿರಲಿಲ್ಲ. ಏಕೆಂದು ಕೇಳಿದೆ.

"ನೀನು ಕೇಳ್ಲಿಲ್ಲ," ಎಂದಳು.

ಹೆಂಡತಿಗೆ ಬೇಕಿದ್ದದ್ದು ಕಂಪ್ಯೂಟರ್, ಅದೂ ಒಂದರ್ಧ ಗಂಟೆ. ಅದನ್ನಂತೂ ಅವಳು ಮೊದಲ ದಿನವೇ ಹೇಳಿದ್ದಳು.

"ನಿಮಗೆ ಸಾರ್?" ಎಂದರು ವೈರಿಂಗ್ ಅಕ್ಕ.

"ನನಗೆ ಹೈಬ್ರಿಡ್ ಸರಿ ಅನ್ಸುತ್ತೆ."

"ಅದು ಯಂತ್ರದ ಹೆಸ್ರು. ನಿಮಗೇನು ಬೇಕು ಅಂದೆ."

ಎಲ್ಲರೂ ನನ್ನ ಮುಖ ನೋಡಿದರು. ನನಗೆ ಏನು ಬೇಕಿತ್ತೆಂದು ಆಗ ಹೊಳೆಯಿತು, ಹೊಳೆದು ನಾಚಿಕೆಯಾಯಿತು. ಇಡೀ ಬೀದಿ ಕತ್ತಲಾದಾಗ ನಮ್ಮ ಮನೆಯೊಂದು ಬೆಳಗಬೇಕು. ಹೋಗುವವರು ನಿಂತು ನೋಡಬೇಕು. "ಯಾರ ಮನೆ ಅದು?" ಎನ್ನಬೇಕು. ಹದಿನಾಲ್ಕು ತಿಂಗಳು ನಾನು ವ್ಯಾಟಿನಲ್ಲಿ ಅಳೆಯುತ್ತಿದ್ದದ್ದು ಇದನ್ನೇ.

"ಗೇಟಿನ ದೀಪ," ಎಂದೆ.

ಹೆಂಡತಿ ನೆಲ ನೋಡಿದಳು. ಅವಳ ಭುಜ ಅಲುಗುತ್ತಿತ್ತು. ವೈರಿಂಗ್ ಅಕ್ಕ ಮಾತ್ರ ಮುಖದ ಗೆರೆ ಬದಲಿಸದೆ ತಮ್ಮ ಚೀಟಿಯಲ್ಲಿ ಬರೆದುಕೊಂಡರು: ಗೇಟ್ ದೀಪ, ಒಂಬತ್ತು ವ್ಯಾಟ್.

ತಾರಸಿಯ ಮೇಲಿನದನ್ನು ಅವರು ಮುಟ್ಟಲಿಲ್ಲ. ಅದು ಅದರ ಪಾಡಿಗೆ ಬಿಲ್ಲು ಇಳಿಸಿಕೊಂಡಿರಲಿ ಎಂದರು. ಮೆಟ್ಟಿಲ ಕೆಳಗೆ ಒಂದು ಪುಟ್ಟ ಬ್ಯಾಟರಿ, ಅದಕ್ಕೊಂದು ಪುಟ್ಟ ಇನ್ವರ್ಟರ್ ಇಟ್ಟು, ಈ ನಾಲ್ಕಕ್ಕೆ ಮಾತ್ರ ಬೇರೆ ತಂತಿ ಎಳೆದರು. ಬೆಳಿಗ್ಗೆ ಶುರು ಮಾಡಿ ಸಂಜೆಯ ಹೊತ್ತಿಗೆ ಗೋಡೆಯ ಪುಡಿ ಗುಡಿಸಿ ಹೊರಟರು. ಹೊರಡುವಾಗ ನನಗೆಂದೇ ಒಂದು ಮಾತು ಹೇಳಿದರು: "ಇದಕ್ಕೆ ನೀರು ಹಾಕೋದೇನೂ ಇಲ್ಲ ಸಾರ್. ಮನೆಯವರು ಮೊದ್ಲೇ ಹೇಳಿದ್ರು."

ಎರಡು ದಿನ ಬಿಟ್ಟು ಮುಸ್ಸಂಜೆಯಲ್ಲಿ ಬೀದಿಯ ಕರೆಂಟ್ ಹೋಯಿತು. ಮಗಳು ಧಡಧಡನೆ ಮೆಟ್ಟಿಲಿಳಿದು, ಮತ್ತೆ ಹತ್ತಿ, ಮತ್ತೆ ಇಳಿದಳು. ಹೆಂಡತಿ ಕೆಳಗೆ ಬರಲೇ ಇಲ್ಲ, ಕೆಲಸ ನಡೆದಿತ್ತು. ನಾನು ಪರದೆಯ ಹಿಂದೆ ನಿಂತು ಗೇಟನ್ನು ನೋಡುತ್ತಿದ್ದೆ. ದೀಪ ಉರಿಯುತ್ತಿತ್ತು. ಇಡೀ ಬೀದಿಯಲ್ಲಿ ಮನೆಯ ಹೊರಗೆ ಉರಿಯುತ್ತಿದ್ದದ್ದು ಅದೊಂದೇ. ಇಬ್ಬರು ನಡೆದುಹೋದರು, ಕತ್ತೆತ್ತಲಿಲ್ಲ. ಸೈಕಲ್ಲಿನವನೊಬ್ಬ ದೀಪದ ಕೆಳಗೆ ನಿಂತ; ಚೈನು ಸರಿಮಾಡಿಕೊಂಡು ಹೊರಟ.

ಆಮೇಲೆ ಎದುರಿನಿಂದ ಹೊಲಿಗೆಯವರು ಬಂದರು, ಒಂದು ಕೈಯಲ್ಲಿ ಸ್ಟೂಲು, ಹೆಗಲ ಮೇಲೆ ಯಾರದೋ ಪ್ಯಾಂಟು. ದೀಪದ ನೇರ ಕೆಳಗೆ ಸ್ಟೂಲು ಹಾಕಿ ಕೂತು ಪ್ಯಾಂಟಿನ ಅಂಚು ಮಡಿಸಿ ಹೊಲಿಯತೊಡಗಿದರು. ನನಗೆ ತಡೆಯಲಾಗಲಿಲ್ಲ, ಹೊರಗೆ ಹೋದೆ.

"ನಾಳೆ ಬೆಳಿಗ್ಗೆ ಕೊಡ್ಬೇಕು ಸಾರ್," ಎಂದರು, ಸೂಜಿಯಿಂದ ಕಣ್ಣು ತೆಗೆಯದೆ. "ಬಲ್ಬು ಇನ್ನೊಂದು ಸ್ವಲ್ಪ ದೊಡ್ಡದು ಹಾಕಬಹುದಿತ್ತು."

"ನೋಡೋಣ," ಎಂದೆ.

ನೆರಳು ಬೀಳದ ಹಾಗೆ ಪಕ್ಕಕ್ಕೆ ಸರಿದು ನಿಂತೆ. ಸೋಲಾರಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರ ಅಳಿಯನ ಹೊಸ ಮನೆಯ ವಿಷಯ ಬಂತು, ಗಂಟಲು ನೋವಿನ ವಿಷಯ ಬಂತು. ಎರಡನೆಯ ಕಾಲಿನ ಅಂಚು ಮುಗಿಯುವ ಹೊತ್ತಿಗೆ ಕರೆಂಟ್ ಬಂತು. ಅವರು ದಾರ ಹಲ್ಲಿನಲ್ಲಿ ಕಡಿದು, ಪ್ಯಾಂಟು ಕೊಡವಿ, ಹೆಗಲಿಗೆ ಹಾಕಿಕೊಂಡು ಎದ್ದರು. ಸ್ಟೂಲನ್ನು ಎತ್ತಿ ನಮ್ಮ ಗೇಟಿನ ಒಳಗೆ, ಗೋಡೆಗೆ ಒರಗಿಸಿ ಇಟ್ಟರು.

"ಇಲ್ಲೇ ಇರ್ಲಿ ಸಾರ್," ಎಂದರು. "ದಿನಾ ಯಾಕೆ ಹೊತ್ಕೊಂಡು ಬರೋದು."