ಟಚ್ಚಪ್ಪನ ಹೊಸ ಫೋನು

ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಅದು ಸರ್ಕಾರಿ ಕಾಗದಗಳಲ್ಲಿ ಮಾತ್ರ ಉಸಿರಾಡುತ್ತಿತ್ತು. ಬೀದಿಗೆಲ್ಲ ಅವನು ಟಚ್ಚಪ್ಪ. ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ನೆಗೆಟಿವ್‌ಗಳಿಗೆ ಟಚಪ್ ಮಾಡುತ್ತಿದ್ದವನಿಗೆ ಯಾರೋ ತಮಾಷೆಗೆ ಇಟ್ಟ ಹೆಸರು, ಹಾಗೇ ಅಂಟಿಕೊಂಡಿತು.

ಅವನ ಕೆಲಸಕ್ಕೆ ಬೇಕಾಗಿದ್ದು ಕೆಳಗೆ ಬಲ್ಬು ಉರಿಯುವ ಒಂದು ಗಾಜಿನ ಮೇಜು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲು, ಕತ್ತು ಬಗ್ಗಿಸಿ ದಿನವಿಡೀ ಕೂರುವ ತಾಳ್ಮೆ. ಮೊಡವೆ, ಸುಕ್ಕು, ಕಣ್ಣ ಕೆಳಗಿನ ಕಪ್ಪು, ಒಂದೊಂದಾಗಿ ಮಾಯವಾಗುತ್ತಿದ್ದವು. ಎಲ್ಲ ಮುಗಿದ ಮೇಲೆ ಕಣ್ಣಿನ ಬಿಳಿಭಾಗಕ್ಕೆ ಸಣ್ಣದೊಂದು ಗೀರು. ನೆಗೆಟಿವ್‌ನಲ್ಲಿ ಕಪ್ಪು ತುಂಬಿದರೆ ಪ್ರಿಂಟಿನಲ್ಲಿ ಅದು ಬಿಳಿಯಾಗಿ ಬರುತ್ತದೆ. ಹಿಂದಿನ ದಿನ ಕಂಠಪೂರ್ತಿ ಕುಡಿದು ಬಂದವನ ಕಣ್ಣೂ ಅವನ ಕೈಯಲ್ಲಿ ಹಾಲಿನಂತಾಗುತ್ತಿತ್ತು. ಇದು ಮೋಸವಲ್ಲವೇನಯ್ಯ ಎಂದು ಯಾರಾದರೂ ಕೆಣಕಿದರೆ, ತಾನು ಸುಳ್ಳು ಹೇಳುವುದಿಲ್ಲ, ನಿಜಕ್ಕೆ ಸ್ವಲ್ಪ ಪೌಡರ್ ಹಚ್ಚುತ್ತೇನೆ ಅಷ್ಟೇ ಎನ್ನುತ್ತಿದ್ದ. ಆ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಅವನ ಹೆಂಡತಿ ಅವನಿಗಿಂತ ಮೊದಲೇ ತುಟಿಯಲ್ಲಿ ಅದನ್ನು ಮುಗಿಸಿಬಿಡುತ್ತಿದ್ದಳು.

ಕಂಪ್ಯೂಟರು ಬಂತು, ಗಾಜಿನ ಮೇಜು ಗುಜರಿಗೆ ಹೋಯಿತು, ಸ್ಟುಡಿಯೋ ಬಾಗಿಲು ಹಾಕಿತು. ಅದರ ಬೆನ್ನಿಗೇ ಅವನ ಎರಡು ಕಣ್ಣಿಗೂ ಪೊರೆ ಬಂತು. ಪೊರೆಯ ಹಿಂದಿನಿಂದ ಪ್ರಪಂಚವೆಲ್ಲ ಹಳೇ ಪೇಪರಿನ ಬಣ್ಣ. ಗೋಡೆ, ಹಾಲು, ಒಗೆದು ಒಣಗಿಸಿದ ಬನಿಯನ್ನು, ಎಲ್ಲವೂ ಹಳದಿ. ಆಪರೇಷನ್ ಮಾಡಿಸಿಕೊಳ್ಳಿ ಎಂದು ಹೆಂಡತಿ ಹೇಳಿ ಹೇಳಿ ಸೋತಳು. ಕಣ್ಣಿಗೆ ಕತ್ತಿ ಎಂದರೆ ಅವನಿಗೆ ಕೈಕಾಲು ತಣ್ಣಗಾಗುತ್ತಿದ್ದವು. ಇನ್ನೂ ಬಲಿಯಲಿ, ಆಮೇಲೆ ನೋಡೋಣ ಎಂದು ದಿನ ತಳ್ಳಿದ. ಗಂಡಸಿನ ಹೆದರಿಕೆಗೆ ಯಾವಾಗಲೂ ಒಂದು ನೆವ ಸಿಕ್ಕೇ ಸಿಗುತ್ತದೆ.

ಇಷ್ಟರಲ್ಲಿ ಹೆಂಡತಿ ಹೊಟ್ಟೆನೋವೆಂದು ಮಲಗಿದಳು. ಪಿತ್ತದ ನಾಳದಲ್ಲಿ ಏನೋ ಊತ ಇದೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಕಣ್ಣು ಹಳದಿಯಾಯಿತೋ, ಒಂದು ದಿನವೂ ಕಾಯದೆ ಬರಬೇಕು ಎಂದು ಒತ್ತಿ ಹೇಳಿದರು. ಹಳದಿ ಗುರುತಿಸುವ ಜವಾಬ್ದಾರಿ, ಎಲ್ಲವೂ ಹಳದಿಯಾಗಿ ಕಾಣುವವನ ತಲೆಗೆ ಬಂತು. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿಯ ತಂಗಿ ಇದಕ್ಕೊಂದು ದಾರಿ ಹೇಳಿದಳು.

"ದಿನಾ ಬೆಳಿಗ್ಗೆ ಅಕ್ಕನ ಮುಖದ್ದೊಂದು ಫೋಟೋ ಕಳಿಸಿ ಭಾವ. ನಾನು ನೋಡಿ ಹೇಳ್ತೀನಿ."

ಅವನ ಹಳೇ ಫೋನಿನ ಫೋಟೋದಲ್ಲಿ ಮುಖ ಯಾವುದು, ದಿಂಬು ಯಾವುದು ತಿಳಿಯುತ್ತಿರಲಿಲ್ಲ. ಹಾಗಾಗಿ ಹೊಸ ಫೋನು ಬಂತು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುವಾಗ ಅವನ ಮುಖದಲ್ಲಿ ಎಷ್ಟೋ ಕಾಲದ ನಂತರ ಕಳೆ ಬಂದಿತ್ತು. ಕ್ಯಾಮೆರಾದ ಚೇಷ್ಟೆಗಳನ್ನು ಒಂದೊಂದಾಗಿ ಕಂಡುಹಿಡಿದು ಬೀದಿಗೆಲ್ಲ ಸಾರಿದ. ಕುಂಡದಲ್ಲಿ ಬಾಡಿದ ಗಿಡ ಇದರಲ್ಲಿ ಹಚ್ಚಹಸಿರು. ಕತ್ತಲು ಮೆಟ್ಟಿಲು ಹಗಲಿನಂತೆ. ಕೈ ನಡುಗಿದರೂ ಚಿತ್ರ ನಡುಗದು. ಕೆಳಗಿನ ಅಂಗಡಿಯ ಕ್ಷೌರಿಕನ ಕೆನ್ನೆಯ ತುಂಬ ಸಿಡುಬಿನ ಕಲೆ, ಫೋಟೋದಲ್ಲಿ ಒಂದೂ ಇಲ್ಲ. ಕ್ಷೌರಿಕ ತನ್ನ ಫೋಟೋ ನೋಡಿ ಇದು ತನ್ನ ತಮ್ಮನಿರಬೇಕು ಎಂದು ನಕ್ಕ. ಟಚ್ಚಪ್ಪನಂತೂ, ಇದರೊಳಗೆ ನಮ್ಮ ಕಸುಬಿನವನೇ ಯಾರೋ ಕೂತಿದ್ದಾನೆ ಎಂದು ಹಿಗ್ಗಿದ. ಹಿಗ್ಗಿದವನಿಗೆ ಮುಂದಿನ ಯೋಚನೆ ಬರಲಿಲ್ಲ. ಜೀವಮಾನವೆಲ್ಲ ಕಲೆ ಅಳಿಸಿದ ಮೇಲೆ ಕಣ್ಣಿಗೆ ಬಿಳಿ ತುಂಬಿದವನು, ಒಳಗೆ ಕೂತವನೂ ಅದನ್ನೇ ಮಾಡಿಯಾನು ಎಂದು ಒಂದು ಗಳಿಗೆ ಯೋಚಿಸಲಿಲ್ಲವಲ್ಲ. ಇದಕ್ಕೆ ಏನನ್ನಬೇಕೋ ನನಗಂತೂ ತಿಳಿಯದು.

ಬೆಳಿಗ್ಗೆ ಎದ್ದರೆ ಅದೇ ಅವನ ಸಂಭ್ರಮ. ಹೆಂಡತಿಯನ್ನು ಕಿಟಕಿಯ ಬಳಿ ಕೂರಿಸಿ, ಗದ್ದ ಎತ್ತಿಸಿ, ಹಳೇ ಸ್ಟುಡಿಯೋದ ಗತ್ತಿನಲ್ಲಿ ಫೋಟೋ ತೆಗೆಯುತ್ತಿದ್ದ. ಕಣ್ಣು ಚೆನ್ನಾಗಿದೆ ಎಂದು ನಾದಿನಿ ಉತ್ತರ ಕಳಿಸುತ್ತಿದ್ದಳು. ಕೆಲವು ವಾರ ಹೀಗೇ ನಡೆಯಿತು. ಒಂದು ದಿನ ಹೆಂಡತಿ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಿದ್ದು ಬಂದು, ಕಣ್ಣು ಯಾಕೋ ಹಳದಿ ಅನ್ನಿಸುತ್ತಿದೆ ಎಂದಳು. ಅವನು ಅವಳ ಮುಖ ನೋಡಿದ. ಹಳದಿ ಕಂಡಿತು. ಆದರೆ ಅವಳ ಹಿಂದಿನ ಗೋಡೆಯೂ ಹಳದಿಯಾಗಿಯೇ ಕಂಡಿತು. ಫೋನು ತೆಗೆದರೆ, ಉರಿಯುವ ಪರದೆಯಲ್ಲಿ ಮಾತ್ರ ಅವಳ ಕಣ್ಣು ಗೋಡೆಗಿಂತ ಬೆಳ್ಳಗೆ ಕಂಡಿತು. ಅದನ್ನು ಅವಳ ಮುಂದೆ ಹಿಡಿದ.

"ನೋಡು, ಇದರಲ್ಲಿ ಎಷ್ಟು ಬೆಳ್ಳಗಿದೆ. ನಿನ್ನ ಕನ್ನಡಿ ಹಳೇದಾಗಿದೆ ಕಣೆ. ನಾನು ಎಷ್ಟು ಸಾವಿರ ಮುಖ ನೋಡಿದವನು, ನನಗೆ ಹೇಳ್ತೀಯಾ?"

ಆಮೇಲೆ ಮೈಯೆಲ್ಲ ತುರಿಕೆ ಎಂದಳು, ಸೆಕೆಗೆ ಎಂದ. ಮೂತ್ರ ಕಡುಬಣ್ಣಕ್ಕೆ ತಿರುಗಿದೆ ಎಂದಳು, ಮಾತ್ರೆಯ ಬಣ್ಣ ಎಂದ. ಬೇರೇನಾದರೂ ತೊಂದರೆ ಇದೆಯಾ ಎಂದು ನಾದಿನಿ ಫೋನಿನಲ್ಲಿ ಕೇಳಿದಾಗ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಅವಳ ಪರವಾಗಿ ಅವನೇ ಉತ್ತರ ಕೊಟ್ಟ. ಏನೂ ಇಲ್ಲ, ಹಾಯಾಗಿದ್ದಾಳೆ ಎಂದ.

ಕೆಲವು ದಿನ ಕಳೆದ ಮೇಲೆ, ಅಕ್ಕನನ್ನು ಒಮ್ಮೆ ಕಣ್ಣಾರೆ ನೋಡಿಹೋಗೋಣವೆಂದು ನಾದಿನಿ ರಜೆ ಹಾಕಿ ಹೇಳದೆ ಕೇಳದೆ ಬಂದಳು. ಬಾಗಿಲು ತೆರೆದ ಅಕ್ಕನನ್ನು ಕಂಡವಳೇ ಕೈಯಲ್ಲಿದ್ದ ಚೀಲ ಬಿಟ್ಟಳು. ಹೊಸ್ತಿಲಲ್ಲಿ ನಿಂತೇ ಅಕ್ಕನ ಕಣ್ಣಿನ ರೆಪ್ಪೆ ಎಳೆದು ನೋಡಿ, ಭಾವನ ಕಡೆ ತಿರುಗಿ, ಇಷ್ಟು ದಿನ ನೀವು ಕಳಿಸಿದ್ದು ಯಾರ ಫೋಟೋ ಎಂದು ಕೇಳಿದಳು. ಆಟೋದಲ್ಲಿ ಆಸ್ಪತ್ರೆಗೆ ಹೋಗುತ್ತ ಅವನ ಫೋನು ಕಸಿದುಕೊಂಡು ಕ್ಯಾಮೆರಾದ ಮೂಲೆಯಲ್ಲಿದ್ದ ಒಂದು ಗುರುತನ್ನು ಒತ್ತಿದಳು. ಮುಖ ಚಂದ ಮಾಡುವ ಗುರುತು ಅದು, ಪೆಟ್ಟಿಗೆಯಿಂದ ಬಂದಾಗಲೇ ಹಾಕಿಯೇ ಇತ್ತು. ಅದನ್ನು ಬಂದ್ ಮಾಡಿ ಅಕ್ಕನ ಫೋಟೋ ತೆಗೆದು, ಬೆಳಗಿನ ಫೋಟೋದ ಪಕ್ಕಕ್ಕಿಟ್ಟು ಅವನ ಮುಖದ ಹತ್ತಿರ ಹಿಡಿದಳು. ಪೊರೆ ಬಂದ ಕಣ್ಣಿಗೂ ವ್ಯತ್ಯಾಸ ಕಂಡಿತು.

ಊತವೆಂದಿದ್ದು ಗಡ್ಡೆಯಾಗಿತ್ತು. ಅದು ಪಿತ್ತನಾಳ ದಾಟಿ ಹರಡಿದೆ, ಇನ್ನು ಆಪರೇಷನ್ನಿಗೆ ದಾರಿಯಿಲ್ಲ, ನೋವು ಕಡಿಮೆ ಮಾಡಬಹುದು ಅಷ್ಟೇ ಎಂದರು ಡಾಕ್ಟರು. ಕಣ್ಣು ಹಳದಿಯಾದ ಕೂಡಲೇ ಬಂದಿದ್ದರೆ ಪ್ರಯತ್ನ ಪಡಬಹುದಿತ್ತು ಎಂಬ ಮಾತನ್ನು ತೀರ ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದರಿಂದ ಅದರ ಭಾರವೇನೂ ಇಳಿಯಲಿಲ್ಲ.

ವಾರ್ಡಿನಲ್ಲಿ ಅವನು ಹೆಂಡತಿಯ ಮಂಚದ ಪಕ್ಕ ಸ್ಟೂಲು ಎಳೆದು ಕೂತ. ನೀರಿನ ಲೋಟ ಅವಳ ಬಾಯಿಯ ಹತ್ತಿರ ಹಿಡಿದ. ಆ ಫೋನಿನ ಮನೆ ಹಾಳಾಗ, ಅದೇ ನಮ್ಮನ್ನು ಮುಳುಗಿಸಿತು ಎಂದು ಶುರು ಮಾಡಿದ. ಫೋನು ಮಾಡಿದವರನ್ನು ಬೈದ, ಮಾರಿದವನನ್ನು ಬೈದ. ಅವಳು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿದಳು. ಅವನ ಬೈಗುಳ ಮುಗಿಯುವ ತನಕ ಕಾದಳು.

"ಫೋನಿಗೇನು ಗೊತ್ತು, ಪಾಪ" ಎಂದಳು. "ಕನ್ನಡಿ ನನಗೆ ದಿನಾ ಹೇಳ್ತಾನೇ ಇತ್ತು. ಅದನ್ನ ಬಿಟ್ಟು ನಿಮ್ಮನ್ನ ನಂಬಿದೆ."

ಅವನು ಏನೋ ಹೇಳಹೊರಟ. ಅವಳು ಗೋಡೆಯ ಕಡೆ ಮಗ್ಗುಲಾದಳು.

"ಲೋಟ ಅಲ್ಲಿಡಿ. ತಂಗೀನ ಕರೀರಿ, ನೀರು ಅವಳು ಕುಡಿಸ್ಲಿ."

ಅವನು ಲೋಟ ಇಟ್ಟು, ಕರೆಯಲು ಹೊರಗೆ ಹೋದ.